ಏಳನೆಯ ಲೆವೆಲ್ಲಿನ ಬಾಗಿಲು

"ಗುರುಗಳೇ, ನಾನು ಮಾಡದ ಕೆಲಸಕ್ಕೆ ಜನ ನನ್ನನ್ನು ಹೊಗಳಿದರೆ ಸುಮ್ಮನಿರುವುದು ತಪ್ಪೇ?" ಎಂದು ಚೆನ್ನವೀರ ಕೇಳಿದ. "ನಾನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ, ಅಷ್ಟೆ. ಅದರಿಂದ ಯಾರಿಗೇನು ನಷ್ಟ?"

ಚೆನ್ನವೀರ ಮಠದ ಪಾಠಶಾಲೆಯ ಹಿರಿಯ ಶಿಷ್ಯ. ಅವನನ್ನು ಯಾರು, ಯಾವುದಕ್ಕೆ ಹೊಗಳಿದರೆಂದು ಗುರುಗಳು ವಿಚಾರಿಸಲಿಲ್ಲ. ಪಾಠ ಮುಗಿದ ಮೇಲೆ ನೀನು ಫೋನಿನಲ್ಲಿ ಗೇಮ್ ಆಡುವುದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ, ನಿನಗೆ ರುಚಿಸುವ ಕತೆಯನ್ನೇ ಹೇಳುತ್ತೇನೆ, ಕೇಳು ಎಂದರು. ಚೆನ್ನವೀರ ತಲೆ ತಗ್ಗಿಸಿ ಕುಳಿತ.

ವಿಡಿಯೋ ಗೇಮ್ ಮಾಡುವವನೊಬ್ಬನಿದ್ದ. ಅವನ ಬೆನ್ನಿಗೆ ಕಂಪನಿ ಇರಲಿಲ್ಲ. ಚಿತ್ರ, ಸಂಗೀತ, ಕತೆ ಎಲ್ಲವೂ ಅವನೊಬ್ಬನ ಕೈಕೆಲಸ. ತಾನು ಚಿಕ್ಕಂದಿನಲ್ಲಿ ಟೀವಿಗೆ ಜೋಡಿಸಿಕೊಂಡು ಆಡುತ್ತಿದ್ದಂಥ ಗೇಮನ್ನೇ ಮಾಡಬೇಕೆಂಬುದು ಅವನ ಹಟ. ದಪ್ಪ ಚುಕ್ಕಿಗಳ ಚಿತ್ರ, ಹದಿನಾರೇ ಬಣ್ಣ, ಕತ್ತಿ ಹಿಡಿದ ಒಬ್ಬ ವೀರ, ಹನ್ನೆರಡು ಲೆವೆಲ್. ಮೂರು ಸಲ ಬಿದ್ದರೆ ಆ ಲೆವೆಲ್ಲಿನ ಮೊದಲಿಗೇ ಹೋಗಬೇಕು. ಹಳೆಯ ಗೇಮುಗಳಲ್ಲಿ ಹಾಗೆಯೇ ಇತ್ತು, ಇವನೂ ಹಾಗೆಯೇ ಇಟ್ಟ.

ಅವನು ಪ್ರತಿ ಲೆವೆಲ್ಲನ್ನೂ ಮೊದಲು ಚೌಕದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಹಾಳೆಯ ಒಂದು ಚೌಕವೆಂದರೆ ಪರದೆಯ ಒಂದು ಚುಕ್ಕಿ. ವೀರ ಎಷ್ಟು ಚುಕ್ಕಿ ಜಿಗಿಯಬಲ್ಲ, ಹಳ್ಳ ಎಷ್ಟು ಚುಕ್ಕಿ ಅಗಲ ಇರಬೇಕು, ಎಲ್ಲವನ್ನೂ ಎಣಿಸಿ ಎಣಿಸಿ ಇಡುತ್ತಿದ್ದ. ನಾಲ್ಕು ವರ್ಷ ಹೀಗೇ ಕಳೆಯಿತು. ನಾಲ್ಕು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡವನನ್ನು ನಾನು ಸುಲಭಕ್ಕೆ ಬೈಯಲಾರೆ, ನೀನೂ ಬೈಯಬೇಡ.

ಗೇಮ್ ಹೊರಬಿತ್ತು. ಮೊದಲ ವಾರದ ವಿಮರ್ಶೆಗಳನ್ನು ಅವನು ಒಂದೊಂದಾಗಿ ಓದಿದ. ಒಬ್ಬ ಇದನ್ನು ಹಳೆಯ ಆಟಿಕೆಗೆ ಬಳಿದ ಹೊಸ ಬಣ್ಣವೆಂದ. ಇನ್ನೊಬ್ಬ ಚುಕ್ಕಿಗಳನ್ನು ನೋಡಿ ಕಣ್ಣು ನೋಯಿತೆಂದ. ಮತ್ತೊಬ್ಬ ಹತ್ತಕ್ಕೆ ಐದು ಅಂಕ ಕೊಟ್ಟು, ಆ ಐದೂ ಸಂಗೀತಕ್ಕೆ ಎಂದು ಬರೆದ. ಗೇಮ್ ಮಾಡಿದವನು ಅವನ್ನೇ ಮತ್ತೆ ಮತ್ತೆ ಓದಿದ. ಕೂತರೆ ಫೋನು, ನಿಂತರೆ ಫೋನು.

ಎಂಟನೆಯ ದಿನ ದೊಡ್ಡ ವಿಮರ್ಶಕನ ಬರಹ ಬಂತು. ಆ ಮನುಷ್ಯ ಒಳ್ಳೆಯದೆಂದರೆ ಉಳಿದವರು ಒಳ್ಳೆಯದೆನ್ನುವರು, ಅಂಥ ಹೆಸರು ಅವನದು. ಹತ್ತಕ್ಕೆ ಒಂಬತ್ತು ಕೊಟ್ಟಿದ್ದ. ಬರಹದ ಮುಕ್ಕಾಲು ಪಾಲು ಏಳನೆಯ ಲೆವೆಲ್ಲಿನ ಬಾಗಿಲಿನ ಬಗೆಗೇ ಇತ್ತು. ಬಾಗಿಲಿನ ಮುಂದೆ ಒಂದು ಹಳ್ಳ. ಅಂಚಿನ ಕಟ್ಟಕಡೆಯ ಚುಕ್ಕಿಯ ಮೇಲೆ ನಿಂತು ಜಿಗಿದರೆ ಮಾತ್ರ ದಾಟಬಹುದು, ಒಂದು ಚುಕ್ಕಿ ಹಿಂದಾದರೂ ಬಿದ್ದಂತೆಯೇ. ತಾನು ಮುನ್ನೂರು ಸಲ ಬಿದ್ದು ದಾಟಿದೆ, ದಾಟಿದಾಗ ಕೂಗಿದೆ ಎಂದು ವಿಮರ್ಶಕ ಬರೆದಿದ್ದ. ಈಗಿನ ಗೇಮುಗಳು ನಮ್ಮನ್ನು ಕೈಹಿಡಿದು ನಡೆಸುತ್ತವೆ, ಕೈಬಿಡುವ ಧೈರ್ಯ ಈತನಿಗಿದೆ ಎಂದು ಮುಗಿಸಿದ್ದ.

ಎರಡೇ ದಿನದಲ್ಲಿ ಎಲ್ಲರ ಬಾಯಲ್ಲೂ ಆ ಬಾಗಿಲು. ಐದು ಅಂಕ ಕೊಟ್ಟವನು ಮತ್ತೆ ಆಡಿ ನೋಡಿ ಎಂಟು ಮಾಡಿದ.

ಗೇಮ್ ಮಾಡಿದವನಿಗೆ ಮಾತ್ರ ಅರ್ಥವಾಗಲಿಲ್ಲ. ಅವನು ಅಂಥ ಹಳ್ಳ ತೋಡಿರಲೇ ಇಲ್ಲ. ಕೂತು ಆಡಿದ, ಬಿದ್ದ. ಮತ್ತೆ ಆಡಿದ, ಮತ್ತೆ ಬಿದ್ದ. ಕಡೆಗೆ ಏಳನೆಯ ಲೆವೆಲ್ಲಿನ ಹಾಳೆಯನ್ನು ಹುಡುಕಿ ತೆಗೆದು ಚೌಕಗಳನ್ನು ಎಣಿಸಿದ. ಆಗ ನೆನಪಾಯಿತು. ಕೆಲಸ ಮುಗಿಯುವ ಹೊತ್ತಿಗೆ, ಓಟ ಚೆನ್ನಾಗಿ ಕಾಣಲೆಂದು ವೀರನ ಜಿಗಿತವನ್ನು ಎರಡು ಚುಕ್ಕಿ ಮೊಟಕು ಮಾಡಿದ್ದ. ಆಮೇಲೆ ಎಲ್ಲ ಲೆವೆಲ್ಲುಗಳ ಹಳ್ಳಗಳನ್ನೂ ಎರಡೆರಡು ಚುಕ್ಕಿ ಕಿರಿದು ಮಾಡುತ್ತ ಬಂದಿದ್ದ. ಏಳನೆಯದನ್ನು ಮರೆತಿದ್ದ. ಪರೀಕ್ಷೆ ಮಾಡುವಾಗ ಮೊದಲಿನಿಂದ ಆಡುವ ತಾಳ್ಮೆ ಇರಲಿಲ್ಲ. ಮಾಡಿದವನಲ್ಲವೇ, ಬೇಕಾದ ಲೆವೆಲ್ಲಿಗೆ ನೇರ ಹೋಗುವ ದಾರಿ ಅವನಿಗಿತ್ತು. ಆರರಿಂದ ಎಂಟಕ್ಕೆ ಹೋಗಿಬಿಟ್ಟಿದ್ದ.

ತಿದ್ದಲು ಹತ್ತು ನಿಮಿಷ ಸಾಕಿತ್ತು. ಆದರೆ ತಿದ್ದಿದರೆ ಆ ಒಂಬತ್ತು ಏನಾಗುತ್ತದೆ? ಅವನಿಗೆ ಹೆದರಿಕೆಯಾಯಿತು, ನಿನ್ನಿಂದ ಅದನ್ನು ಮುಚ್ಚಿಡುವುದೇಕೆ. ನಾನೇನೂ ಹೇಳಲಿಲ್ಲ, ಅವರಾಗಿಯೇ ಹೊಗಳಿದರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾಳೆಯನ್ನು ಮಡಿಸಿಟ್ಟ.

ದಾಟಲಾರದವರು ಅಲ್ಲಲ್ಲಿ ಗೊಣಗಿದರು. ಅವರಿಗೆ ಇವನು ಉತ್ತರ ಕೊಡಬೇಕಾಗಿಯೇ ಬರಲಿಲ್ಲ. ದಾಟಿದವರೇ ಉತ್ತರ ಕೊಟ್ಟರು. ಬೆರಳು ಪಳಗಿಸಿಕೊಂಡು ಬನ್ನಿ, ಇಲ್ಲವಾದರೆ ಮಕ್ಕಳ ಆಟ ಆಡಿಕೊಳ್ಳಿ ಎಂದರು. ಇವನು ಅದನ್ನೂ ಓದಿದ. ಸುಮ್ಮನಿದ್ದ.

ತಿಂಗಳು ಕಳೆಯಿತು. ಊರಿನಲ್ಲಿ ಗೇಮ್ ಮಾಡುವವರ ದೊಡ್ಡ ಸಭೆ ಸೇರಿತು. ವೇದಿಕೆಯ ಮೇಲೆ ದೊಡ್ಡ ವಿಮರ್ಶಕನೇ ಇವನನ್ನು ಮಾತಾಡಿಸುವುದೆಂದು ನಿಗದಿಯಾಗಿತ್ತು. ಅಂದು ಬೆಳಿಗ್ಗೆ ಇವನಿಗೆ ಒಂದು ಪತ್ರ ಬಂತು. ಬರೆದವಳು ಬಸ್ ಕಂಡಕ್ಟರ್. ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಡಿಪೋದಲ್ಲಿ ಕೂತು ಆಡುತ್ತಿದ್ದಳು.

"ಇಪ್ಪತ್ತಾರು ದಿನದಿಂದ ಏಳನೇ ಬಾಗಿಲ ಹತ್ತಿರವೇ ಇದ್ದೇನೆ ಸರ್," ಎಂದು ಬರೆದಿದ್ದಳು. "ಆರು ಲೆವೆಲ್ ಆಡುವಾಗ ನನಗೆ ತುಂಬಾ ಖುಷಿಯಾಗಿತ್ತು. ನನ್ನ ಕೈಯೇ ಸರಿಯಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತೆ. ತಪ್ಪು ನನ್ನದೇ ಅಂತ ನೀವು ಒಂದು ಮಾತು ಬರೆದರೆ ಬಿಟ್ಟುಬಿಡುತ್ತೇನೆ."

ಹೌದು ಎಂದು ಬರೆದರೆ ಮುಗಿಯುತ್ತಿತ್ತು. ಅವಳೇ ಕೇಳಿದ್ದಳಲ್ಲ. ಇವನು ಆ ಒಂದು ಮಾತನ್ನು ಫೋನಿನಲ್ಲಿ ಟೈಪು ಮಾಡಿದ, ಕಳಿಸಲು ಬೆರಳು ಏಳಲಿಲ್ಲ. ಅಳಿಸಿದ. ಇನ್ನೂ ಪ್ರಯತ್ನಿಸಿ ಎಂದು ಟೈಪು ಮಾಡಿದ. ಅದು ಮೊದಲಿನದಕ್ಕಿಂತ ಹೊಲಸಾಗಿ ಕಂಡಿತು. ಇಷ್ಟು ದಿನ ಸುಮ್ಮನಿದ್ದುದೂ ಇವಳಿಗೆ ಕೊಟ್ಟ ಉತ್ತರವೇ ಆಗಿತ್ತೆಂದು ಅವನಿಗೆ ಆಗ ಹೊಳೆಯಿತು. ಅಷ್ಟರಲ್ಲಿ ವೇದಿಕೆಗೆ ಕರೆ ಬಂತು. ಫೋನನ್ನು ಜೇಬಿಗೆ ಹಾಕಿಕೊಂಡು ಹತ್ತಿದ.

ಸಭೆ ಕಿಕ್ಕಿರಿದಿತ್ತು. ವಿಮರ್ಶಕ ಅವನ ಬೆನ್ನು ತಟ್ಟಿ ಕೂರಿಸಿದ. ಹಳೆಯ ಗೇಮುಗಳ ಬಗ್ಗೆ, ಹದಿನಾರು ಬಣ್ಣಗಳ ಬಗ್ಗೆ ಕೇಳಿದ. ಇವನು ಏನೇನೋ ಹೇಳಿದ, ಏನು ಹೇಳಿದೆನೆಂದು ಅವನಿಗೇ ನೆನಪಿಲ್ಲ. ಬಾಗಿಲಿನ ಮಾತು ಈಗ ಬಂದೀತು, ಈಗ ಬಂದೀತು ಎಂದು ಕಾಯುತ್ತಿದ್ದ. ಬಂತು.

"ಆ ಏಳನೆಯ ಬಾಗಿಲನ್ನು ಹಾಗೆ ಇಡುವ ಧೈರ್ಯ ನಿಮಗೆ ಎಲ್ಲಿಂದ ಬಂತು?" ಎಂದು ವಿಮರ್ಶಕ ಕೇಳಿದ. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವವರೆಗೆ ಅವನಿಗೆ ಯೋಚಿಸಲು ಸಮಯವಿತ್ತು. ನಕ್ಕು ಸುಮ್ಮನಾದರೂ ಸಾಕಿತ್ತು. ಆದರೆ ಚಪ್ಪಾಳೆ ನಿಂತಿತು.

"ಅದು ಧೈರ್ಯ ಅಲ್ಲ ಸರ್, ಮರೆವು," ಎಂದ ಅವನು. "ಜಿಗಿತವನ್ನು ಎರಡು ಚುಕ್ಕಿ ಇಳಿಸಿದೆ, ಆ ಹಳ್ಳವನ್ನು ತಿದ್ದಲು ಮರೆತೆ. ಗೊತ್ತಾದ ಮೇಲೂ ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ."

ಯಾರೋ ನಕ್ಕರು, ತಮಾಷೆ ಎಂದುಕೊಂಡಿರಬೇಕು. ಆಮೇಲೆ ಯಾರೂ ನಗಲಿಲ್ಲ. ವಿಮರ್ಶಕನ ಮುಖ ಕೆಂಪಾಯಿತು. ಹಳ್ಳವನ್ನು ಇವತ್ತೇ ತಿದ್ದುತ್ತೇನೆ ಎಂದು ಹೇಳಿ ಇವನು ಎದ್ದ. ವೇದಿಕೆಯ ಮೆಟ್ಟಿಲ ಬಳಿಯೇ ನಿಂತು, ತಪ್ಪು ನಿಮ್ಮದಲ್ಲ, ನನ್ನದು ಎಂದು ಕಂಡಕ್ಟರಿಗೆ ಬರೆದು ಕಳಿಸಿದ. ಸಂಜೆಯೊಳಗೆ ಹಳ್ಳವನ್ನು ಎರಡು ಚುಕ್ಕಿ ಕಿರಿದು ಮಾಡಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಚೆನ್ನವೀರನಿಗೆ ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ ಅವಮಾನವಾದ ಮೇಲೆ ಆ ವಿಮರ್ಶಕ ಸುಮ್ಮನಿದ್ದನೇ ಎಂದು ಕೇಳಿದ. ಒಂಬತ್ತನ್ನು ಎಷ್ಟಕ್ಕೆ ಇಳಿಸಿದ, ಉಳಿದವರು ಏನು ಬರೆದರು, ಗೇಮ್ ಮಾಡಿದವನ ಹೆಸರು ಉಳಿಯಿತೇ, ಹೋಯಿತೇ ಎಂದು ಒಂದೇ ಉಸಿರಿಗೆ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ಆ ಹೆಂಗಸು ಬಾಗಿಲು ದಾಟಿದಳೇ ಎಂದು ನೀನು ಕೇಳುತ್ತೀಯೇನೋ ಎಂದು ಕಾದೆ."