ನಿಂತು ನೋಡುವವಳು

ಕಾಡಿನ ಕಾಲುದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಹುಲ್ಲು ಮೇಯುತ್ತಿದ್ದ ಜಿಂಕೆಯನ್ನು ಕಂಡು ನಿಂತಳು. ಕ್ಯಾಮೆರಾ ಎತ್ತಿ ನಿಧಾನವಾಗಿ ಜಿಂಕೆಯನ್ನೂ ಅದರ ಸುತ್ತಲಿನ ಹಸಿರನ್ನೂ ನೋಡತೊಡಗಿದಳು. ಮರದ ಮೇಲೆ ಕಾವಲು ಕೂತಿದ್ದ ಮುಸುವ ಕೋತಿ ಜಿಂಕೆಗೆ ಹೇಳಿತು:

"ತಂಗೀ, ಅವಳ ಮೇಲೆ ಕಣ್ಣಿಡು. ಸರಸರ ನಡೆದು ಹೋಗುವವರಿಂದ ನಮಗೆ ಅಪಾಯವಿಲ್ಲ. ಹೀಗೆ ಉಸಿರು ಬಿಗಿಹಿಡಿದು ನಿಲ್ಲುವವರು ಬೇಟೆಗೇ ಬಂದಿರುತ್ತಾರೆ."

"ಅವಳ ಕೈಯಲ್ಲಿರುವುದು ಏನಣ್ಣ?"

"ಏನೋ ಒಂದು ದೊಡ್ಡ ಕಣ್ಣು. ನನಗೆ ನಂಬಿಕೆಯಿಲ್ಲ. ನೀನೂ ನಂಬಬೇಡ."

ಎರಡೂ ಅವಳನ್ನೇ ದಿಟ್ಟಿಸುತ್ತ ನಿಂತವು. ಅಷ್ಟರಲ್ಲಿ ಹೆಂಗಸು ಕ್ಯಾಮೆರಾ ಇಳಿಸಿದಳು. ಜಿಂಕೆಯ ಹಿಂದಿನ ಪೊದೆಯತ್ತ ನೋಡಿ ಬೆಚ್ಚಿ, "ಓಡು, ಓಡು" ಎಂದು ಕೂಗುತ್ತ ಚಪ್ಪಾಳೆ ತಟ್ಟಿದಳು. ಜಿಂಕೆ ಒಂದೇ ನೆಗೆತಕ್ಕೆ ದಾರಿ ದಾಟಿತು. ಅದು ನಿಂತಿದ್ದ ಜಾಗಕ್ಕೆ ಚಿರತೆಯೊಂದು ಎರಗಿ, ಬರೀ ಹುಲ್ಲು ಕಿತ್ತು, ಪೊದೆಗಳಲ್ಲಿ ಮರೆಯಾಯಿತು.

ಸ್ವಲ್ಪ ಹೊತ್ತಿನ ಮೇಲೆ ಜಿಂಕೆ ಮರಳಿ ಬಂದು ಮುಸುವನನ್ನು ಕೇಳಿತು: "ಕಾವಲಿದ್ದವನು ನೀನು. ಚಿರತೆ ನಿನಗೆ ಯಾಕೆ ಕಾಣಲಿಲ್ಲ?"

"ನಾನು ಅವಳನ್ನು ಕಾಯುತ್ತಿದ್ದೆನಲ್ಲ," ಎಂದಿತು ಮುಸುವ. "ಈಗಲೂ ಹೇಳುತ್ತೇನೆ, ಅವಳು ಒಳ್ಳೆಯವಳಲ್ಲ. ಚಿರತೆ ಅಲ್ಲಿರುವುದು ಅವಳಿಗೆ ಹೇಗೆ ಗೊತ್ತಾಯಿತು?"

ಜಿಂಕೆ ಬೇರೆ ಮರದ ನೆರಳಿಗೆ ಹೋಗಿ ಮೇಯತೊಡಗಿತು.