ಹೊಳೆ ದಾಟುವ ಸೀನು

ಅಮರೇಶ ನಾಟಕ ಬರೆದನೆಂದರೆ ಹಿಂದಿನ ಸಾಲಿನಿಂದ ಸೀಟಿ ಬೀಳಲೇಬೇಕು. ಅಂಥ ಮಾತುಗಾರ. ಅವನಿಗೆ ಒಂದು ಕಾದಂಬರಿಯನ್ನು ಸಿನಿಮಾಕ್ಕೆ ಇಳಿಸುವ ಕೆಲಸ ಸಿಕ್ಕಿತು.

ಅದರ ಒಂದೇ ಒಂದು ಸೀನು ಅವನನ್ನು ಕೆಡವಿ ಹಾಕಿತು. ನಿರ್ದೇಶಕ ಮತ್ತೆ ಮತ್ತೆ ವಾಪಸು ಕಳಿಸಿದ. ಕೊನೆಗೆ, ನಾಳೆಯೊಳಗೆ ಸರಿಹೋಗದಿದ್ದರೆ ಬೇರೆಯವರಿಂದ ಬರೆಸುತ್ತೇನೆ ಎಂದ.

ಅಮರೇಶ ತನ್ನ ಗುರು ಚನ್ನವೀರ ಮಾಸ್ತರರ ಬಳಿ ಓಡಿದ. ಕಂಪನಿ ನಾಟಕದಿಂದ ಸಿನಿಮಾಕ್ಕೆ ಹೋಗಿ, ಎಷ್ಟೋ ಕಾದಂಬರಿಗಳನ್ನು ತೆರೆಗೆ ತಂದ ಮುದುಕ. ಈಗ ಹೊಳೆ ದಂಡೆಯ ಗುಡಿಸಲಲ್ಲಿದ್ದರು.

“ಏನೈತಿ ಆ ಸೀನಿನ್ಯಾಗ?”

“ಮಹಾಪೂರದಾಗ ಒಬ್ಬಾಕಿ ಹೊಳಿ ದಾಟತಾಳ್ರಿ. ಆಕಿ ಮನಸ್ಸಿನ ಭಯಾನೇ ಕಾದಂಬರಿಯೊಳಗ ಪುಟಗಟ್ಟಲೆ ಐತಿ. ಅಷ್ಟೂ ಮಾತು ಮಾಡಿ ಆಕಿ ಬಾಯಾಗ ಇಟ್ಟೀನಿ. ಒಂದೊಂದು ಡೈಲಾಗೂ ಸಿಡಿಲು ಇದ್ದಂಗ ಐತ್ರಿ.”

“ನಿರ್ದೇಶಕ ಏನಂತಾನ?”

“ಭಯ ಕಾಣವಲ್ದು ಅಂತಾನ್ರಿ. ಅವನ ಕಿವೀನೇ ಕೆಟ್ಟಾವು.”

ಮಾಸ್ತರು ಎದ್ದರು. “ಬಾ, ಆಚಿ ದಂಡಿಗೆ ಹೋಗಿ ಬರೂಣು.”

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಬುಟ್ಟಿಯಂಥ ಹರಿಗೋಲಿಗೆ ಇಬ್ಬರೂ ಹತ್ತಿದರು. ನಡುನೀರಿಗೆ ಬರುತ್ತಲೇ ಮಾಸ್ತರು ತಾವು ಹಾಕುತ್ತಿದ್ದ ಹುಟ್ಟನ್ನು ಎತ್ತಿ ಒಳಗಿಟ್ಟರು.

ಹರಿಗೋಲು ಗಿರಗಿರ ತಿರುಗಿತು.

“ಏನ್ರಿ ಮಾಸ್ತರ, ಈ ವಯಸ್ಸಿನ್ಯಾಗ ಚೇಷ್ಟಿ,” ಅಂದ ಅಮರೇಶ.

ಮಾಸ್ತರು ಎರಡೂ ಕೈಯಿಂದ ಹರಿಗೋಲಿನ ಅಂಚು ಹಿಡಿದು ಕೂತರು.

ಕೆಳಗಿನ ಬಂಡೆಗಳ ಮೊರೆತ ಹತ್ತಿರವಾಯಿತು. ಅಮರೇಶ ಹುಟ್ಟು ಎತ್ತಿಕೊಂಡು ನೀರಿಗೆ ಚುಚ್ಚಿದ. ಸೆಳವು ಅದನ್ನು ಅವನ ಕೈಯಿಂದ ಕಿತ್ತುಕೊಂಡು ಹೋಯಿತು.

“ಹೆದರಿಕಿ ಆಗತೈತ್ರಿ ಮಾಸ್ತರ. ಸಾಯ್ತೀವ್ರಿ. ನಮ್ಮವ್ವಗ ನಾ ಒಬ್ಬನೇ ಮಗ. ಏನರ ಮಾತಾಡ್ರಿ.”

ಮಾಸ್ತರು ನೀರನ್ನೇ ನೋಡುತ್ತ ಕೂತಿದ್ದರು.

ಹರಿಗೋಲು ಬಂಡೆಯನ್ನು ಸವರಿ, ವಾಲಿ, ಅರ್ಧ ನೀರು ತುಂಬಿಕೊಂಡು, ದಂಡೆಯ ಜೊಂಡಿನಲ್ಲಿ ಹೋಗಿ ಸಿಕ್ಕಿಬಿತ್ತು.

ಅಮರೇಶ ಜಿಗಿದು ಕೆಸರಿನಲ್ಲಿ ಬಿದ್ದ. ಉಸಿರು ಬಂದ ಮೇಲೆ ಸಿಟ್ಟೂ ಬಂತು.

“ನಿಮ್ಮ ಎದಿ ಕಲ್ಲು ಬಿಡ್ರಿ. ನಾ ಅಷ್ಟು ಬಡಕೊಂಡೆ, ನಿಮಗ ಒಂದು ಚೂರೂ ಹೆದರಿಕಿ ಆಗಲಿಲ್ಲ. ಒಂದು ಮಾತು ಸುದ್ದಾ ಆಡಲಿಲ್ಲ ನೀವು.”

ಮಾಸ್ತರು ಇನ್ನೂ ಹರಿಗೋಲಿನಲ್ಲೇ ಕೂತಿದ್ದರು.

“ಇಳೀರಿ ಇನ್ನ,” ಅಂದ.

“ಹೆಂಗ ಇಳೀಲಿ ತಮ್ಮಾ? ಮೊದಲ ಈ ಅಂಚಿನಿಂದ ನನ್ನ ಬೆರಳು ಬಿಡಿಸು. ನನ್ನಿಂದ ಆಗವಲ್ದು.”