ಮುಖ ಕೆರೆದ ಪಿಸ್ತೂಲು

"ಕೇಳ್ರಪ್ಪೋ ಕೇಳ್ರಿ! ಕರಿಗುಡ್ಡದ ದೊರೆ ಹಂಪನಾಯಕರ ಅಪ್ಪಣಿ! ಕಡಲಾಚೆ ಒಂದೇ ಕಾರ್ಖಾನ್ಯಾಗ, ಮೂರು ಬೇರೆ ದೇಶದ ದಂಡಿಗೆ ಅಂತ ಮಾಡಿದ ಮೂರು ಪಿಸ್ತೂಲು ಅರಮನ್ಯಾಗ ಅದಾವ. ಅವುಗಳ ಮ್ಯಾಲ ದೊರೆಗಳು ಮೂರು ಒಗಟು ಕೇಳ್ತಾರ. ಬಿಡಿಸಿದವರಿಗೆ ಬೇಡಿದ್ದು ಕೊಡ್ತಾರ. ತಪ್ಪಿದವರ ತಲಿ ಹೋಗ್ತೈತಿ!"

ಡಂಗುರದವನು ಹೀಗೆ ಸಾರಿಕೊಂಡು ಹೋದ. ಮೂರು ಪಿಸ್ತೂಲು ಹೋಲಿಸಿ ನೋಡುವುದಕ್ಕೆ ಜನರ ತಲೆ ಯಾಕೆ ಬೇಕಪ್ಪಾ ಅಂತ ಒಬ್ಬನಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. 'ಬೇಡಿದ್ದು ಕೊಡ್ತಾರ' ಅನ್ನುವುದು ಕಿವಿಗೆ ಬಿದ್ದ ಮೇಲೆ ಉಳಿದದ್ದು ಯಾರಿಗೆ ಕೇಳಿಸುತ್ತದೆ!

ಮೊದಲು ಹೋದವನು ಅರಮನೆಯ ಲಾಯದಲ್ಲಿ ಕುದುರೆ ತಿಕ್ಕುವ ಜಟ್ಟೆಪ್ಪ. ದೊರೆ ಮೊದಲನೆಯ ಪಿಸ್ತೂಲು ಎತ್ತಿ ತೋರಿಸಿ, "ಇದರ ಕುದುರೆ ಹುಲ್ಲು ತಿನ್ನುವುದಿಲ್ಲ. ಆದರೂ ಆ ದೇಶದವರು ಅದಕ್ಕೆ ಇಷ್ಟು ದೊಡ್ಡ ಲಾಯ ಕಟ್ಟಿಸಿದ್ದಾರೆ. ಯಾಕೆ?" ಎಂದ.

ಕುದುರೆ ಅಂದದ್ದೇ ತಡ, ಜಟ್ಟೆಪ್ಪ ಹಿಗ್ಗಿಬಿಟ್ಟ. ಹುಟ್ಟಿದಾಗಿನಿಂದ ಅವನಿಗೆ ಅದೇ ತಾನೇ ಕೆಲಸ! "ಆ ದೇಶದ ಕುದುರಿ ಎತ್ತರ ಇರ್ತಾವ್ರಿ, ಮೈಗೆಟ್ಟಾಗ ಹುಲ್ಲು ಮುಟ್ಟಂಗಿಲ್ರಿ" ಎಂದ. ಅವನನ್ನು ಎಳೆದುಕೊಂಡು ಹೋಗಿ ಸೆರೆಮನೆಗೆ ತಳ್ಳಿದರು.

ದಳವಾಯಿಯ ಮಗ ಬಂದು ಅದು ಮರದ ಕುದುರೆ ಎಂದ. ಆಸ್ಥಾನದ ಪಂಡಿತ ಬಂದು ಅದು ಸೂರ್ಯನ ರಥದ ಕುದುರೆ, ಅದಕ್ಕೆ ಆಕಾಶವೇ ಲಾಯ ಎಂದ. ಇಬ್ಬರೂ ಸೆರೆಮನೆ ಸೇರಿದರು. ಅಮಾವಾಸ್ಯೆಗೆ ಮೂವರ ತಲೆಯೂ ಒಟ್ಟಿಗೆ ಎಂದಾಯಿತು.

ಜಟ್ಟೆಪ್ಪನಿಗೆ ಮಾಳಿಂಗ ಅಂತ ಒಬ್ಬ ತಮ್ಮ. ಕುರಿ ಕಾಯುತ್ತಿದ್ದ. ಅಪ್ಪ ಹುಲಿಕಣಿವೆಯ ಯುದ್ಧದಲ್ಲಿ ಸತ್ತಾಗ ಅವನಿನ್ನೂ ಮಗು; ಹೊತ್ತು ಬೆಳೆಸಿದವನೇ ಜಟ್ಟೆಪ್ಪ. ಸುದ್ದಿ ಕೇಳಿದ ಮಾಳಿಂಗ ಕಂಬಳಿ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಓಲಗಕ್ಕೆ ಬಂದ.

ದೊರೆ ಅದೇ ಮೊದಲಿನ ಒಗಟು ಕೇಳಿದ.

"ಬೆರಳಿನಿಂದ ಎಳದು ಗುಂಡು ಹಾರಿಸೂ ಕೊಕ್ಕಿಗೆ ನಮ್ಮ ಕಡೆ ಕುದುರಿ ಅಂತಾರ್ರಿ" ಎಂದ ಮಾಳಿಂಗ. "ಅದರ ಸುತ್ತ ಇರೂ ಬಳೀನೇ ಲಾಯ. ಇದು ಹಿಮದ ದೇಶದ್ದಿರಬೇಕು. ಅಲ್ಲಿ ಸಿಪಾಯಿ ಕೈಗೆ ದಪ್ಪನ್ನ ಉಣ್ಣಿ ಚೀಲ ಹಾಕ್ಕೊಂಡಿರ್ತಾನ. ಚಳಿಗೆ ಕೈಗೆ ಕಂಬಳಿ ಸುತ್ತಿಕೊಂಡವ್ರಿಗೆ ಗೊತ್ತಾಗ್ತೈತ್ರಿ, ಆ ಬೆರಳು ಸಣ್ಣ ಬಳಿಯೊಳಗ ಹೋಗಂಗಿಲ್ಲ."

ದೊರೆ ಎರಡನೆಯದನ್ನು ಎತ್ತಿದ. ಅದರ ಹಿಡಿಯ ಬುಡಕ್ಕೊಂದು ಉಂಗುರವಿತ್ತು. "ಇದನ್ನು ಕಟ್ಟಿಕೊಂಡವನು ಕೂತೇ ಇರುತ್ತಾನೆ, ಆದರೂ ಓಡುತ್ತಾನೆ. ಕೈಬಿಟ್ಟರೂ ಇದು ಅವನನ್ನು ಬಿಡುವುದಿಲ್ಲ. ಅವನು ಯಾರು?"

"ಕುದುರಿ ಸವಾರ್ರಿ. ಓಡೂ ಕುದುರಿ ಮ್ಯಾಲ ಕೈ ಜಾರಿದ್ರ ಇಳದು ಹುಡುಕಾಕ ಆಗಂಗಿಲ್ಲ. ಅದಕ್ಕ ಈ ಉಂಗುರಕ್ಕ ದಾರ ಹಾಕಿ ಕೊರಳಿಗೆ ಕಟ್ಟಿಕೊಳ್ತಾನ." ಮಾಳಿಂಗನ ದನಿ ಗಟ್ಟಿಯಾಯಿತು. "ಇದನ್ನ ಮೊದಲು ಕೇಳಿದ್ರ ನಮ್ಮಣ್ಣನೂ ಹೇಳ್ತಿದ್ದ, ಮಾರಾಜರ. ಕುದುರಿ ಇಲ್ಲದಲ್ಲಿ ಕುದುರಿ ಹೆಸರು ಹೇಳಿ ಅವನ್ನ ಕೆಡವಿದ್ರಿ."

ದೊರೆ ಮೂರನೆಯದನ್ನು ಮುಂದಿಟ್ಟ. ರಾಜಮುದ್ರೆ ಇರಬೇಕಾದ ಜಾಗವನ್ನು ಅರದಿಂದ ಕೆರೆದಿದ್ದರು. "ಇದರ ಮುಖ ಕೆರೆದವನು ವೈರಿಯಲ್ಲ, ಕಳ್ಳನೂ ಅಲ್ಲ. ಯಾರು?"

ಮಾಳಿಂಗ ಮೂರನ್ನೂ ಒಂದೊಂದಾಗಿ ಕೈಗೆ ತೆಗೆದುಕೊಂಡ. ಗುಂಡು ಹಾರದ ಹಾಗೆ ತಡೆಯುವ ಸಣ್ಣ ಚಿಲಕ ಮೂರಕ್ಕೂ ಇತ್ತು. ಅದನ್ನು ಸರಿಸಿದರೆ ಅಡಿಯಲ್ಲಿ ಆಯಾ ದೇಶದ ಭಾಷೆಯಲ್ಲಿ ಒಂದು ಮಾತು ಕೊರೆದಿತ್ತು. ಮೊದಲ ಎರಡರಲ್ಲಿ ಅವನಿಗೆ ತಿಳಿಯದ ಅಕ್ಷರ. ಮೂರನೆಯದರ ಚಿಲಕ ಸರಿಸಿದ. ಅಚ್ಚ ಕನ್ನಡದಲ್ಲಿ 'ಸುಮ್ಮನಿರು' ಎಂದಿತ್ತು.

ಅಯ್ಯೋ ಶಿವನೇ! ಇದು ಕರಿಗುಡ್ಡದ ದಂಡಿಗೇ ಮಾಡಿಸಿದ್ದು. ವೈರಿಗಳ ಕೈಯಲ್ಲೂ ನಮ್ಮಂಥವೇ ಪಿಸ್ತೂಲು ಇದ್ದವು ಅಂತ ಹುಲಿಕಣಿವೆಯಿಂದ ತಿರುಗಿ ಬಂದವರು ಹೇಳುತ್ತಿದ್ದದ್ದು ಮಾಳಿಂಗನಿಗೆ ನೆನಪಾಯಿತು. ಕೂಗಿ ಹೇಳಿಬಿಡೋಣ ಅನ್ನಿಸಿತು. ಆದರೆ ಕೂಗಿದರೆ ಅಣ್ಣನ ತಲೆ ಉಳಿಯುತ್ತದೆಯೇ? ಸಿಂಹಾಸನದ ಹತ್ತಿರ ಹೋಗಿ ದೊರೆಯ ಕಿವಿಯಲ್ಲಿ ಹೇಳಿದ:

"ಕೆರೆಸಿದವರು ನೀವ. ಮುದ್ರಿ ಕೆರೆಸಿ ವೈರಿಗೆ ಮಾರಿದ್ರಿ. ನಮ್ಮಪ್ಪ ಸತ್ತದ್ದು ಇಂಥಾದ್ದರ ಗುಂಡಿಗೆ."

ದೊರೆ ಅವನ ಮುಖವನ್ನೇ ನೋಡಿದ. ಆಮೇಲೆ ಸಭೆಗೆಲ್ಲ ಕೇಳುವಂತೆ, "ಮೂರೂ ಸರಿ" ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಪುಣ್ಯಾತ್ಮ ದೊರೆ, ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದ. ಯುದ್ಧವಾಗಿ ಇಷ್ಟು ವರ್ಷದ ಮೇಲೆ ಹುಲಿಕಣಿವೆಯಲ್ಲಿ ಸೌದೆ ಆಯುವ ಒಬ್ಬಳಿಗೆ ಆ ಪಿಸ್ತೂಲು ಸಿಕ್ಕಿ ಅರಮನೆಗೆ ತಂದುಕೊಟ್ಟಿದ್ದಳು. ಗುಟ್ಟು ಇನ್ನೂ ಯಾರಿಗೆ ಗೊತ್ತು ಎಂದು ಪತ್ತೆ ಮಾಡಲೇ ಈ ಒಗಟು, ಈ ಡಂಗುರ. ಜೊತೆಗಿದ್ದ ಎರಡು ಪಿಸ್ತೂಲು ಬರೀ ನೆಪಕ್ಕೆ.

"ಏನು ಬೇಕು, ಬೇಡು."

"ನಮ್ಮಣ್ಣನ್ನ ಬಿಡ್ರಿ."

"ಬಿಟ್ಟೆ. ಆದರೆ ಇಂಥ ಜಾಣನನ್ನು ಕುರಿ ಕಾಯಲು ಕಳಿಸುವುದುಂಟೇ? ಇವತ್ತಿನಿಂದ ನೀನು ಆಯುಧಶಾಲೆಯ ಅಧಿಕಾರಿ." ದೊರೆ ದನಿ ತಗ್ಗಿಸಿದ. "ಅಲ್ಲಿಂದ ಹೊರಗೆ ಕಾಲಿಟ್ಟರೆ, ಯಾರ ಹತ್ತಿರವಾದರೂ ಒಂದು ಮಾತಾಡಿದರೆ, ನಿನ್ನ ಅಣ್ಣ ಎಲ್ಲಿದ್ದರೂ ತಲೆ ತರಿಸುತ್ತೇನೆ."

ಮಾಳಿಂಗನಿಗೆ ಜರಿ ರುಮಾಲು ಸುತ್ತಿದರು. ಸಭೆ ಜಯಕಾರ ಹಾಕಿತು. ದಳವಾಯಿಯ ಮಗನ ತಲೆ, ಪಂಡಿತನ ತಲೆ ಅಮಾವಾಸ್ಯೆಗೆ ಹೋದವು. ಒಗಟು ಬಿಡಿಸಿ ಅವರನ್ನು ಬೇಡುವವರು ಯಾರೂ ಇರಲಿಲ್ಲ.

ಜಟ್ಟೆಪ್ಪ ಓಲಗದ ದಿನವೇ ಬಿಡುಗಡೆಯಾಗಿ ಅರಮನೆಯ ಬಾಗಿಲಲ್ಲಿ ತಮ್ಮನಿಗಾಗಿ ಕಾದ. ಸಂಜೆ ಆಯುಧಶಾಲೆಯ ಕಿಟಕಿಯಲ್ಲಿ ಮಾಳಿಂಗ ಕಾಣಿಸಿದ.

"ಲೇ ತಮ್ಮಾ, ಬಾರೋ! ಮನಿಗೆ ಹೋಗೂಣು!"

ಮಾಳಿಂಗ ಸರಳು ಹಿಡಿದುಕೊಂಡು ನಿಂತಿದ್ದ. ಬಾಯಿ ತೆರೆಯಲಿಲ್ಲ. ಅಣ್ಣ ಮೂರು ಸಲ ಕೂಗಿದ. ಕೊನೆಗೆ ನೆಲಕ್ಕೆ ಉಗುಳಿ, "ಜರಿ ರುಮಾಲು ಬಂದ ಕೂಡ್ಲೆ ಹೊತ್ತು ಬೆಳೆಸಿದ ಅಣ್ಣ ಬ್ಯಾಡಾದ್ನೇನೋ, ಕೃತಘ್ನಾ! ನನಗ ತಮ್ಮ ಅನ್ನಾಂವ ಇರಲೇ ಇಲ್ಲ" ಎಂದ.

ಕಿಟಕಿಯವರೆಗೆ ಎಲ್ಲವೂ ಕೇಳಿಸುತ್ತಿತ್ತು. ಜಟ್ಟೆಪ್ಪ ಅಲ್ಲಿಂದ ನೇರ ಹೊಳೆಗೆ ಹೋದ. ಮೊಣಕಾಲುದ್ದ ನೀರಿಗಿಳಿದು, ತಮ್ಮನ ಹೆಸರು ಹೇಳಿ ಎಳ್ಳುನೀರು ಬಿಟ್ಟ.